ಹುಳದ ಪಾಸ್‌ಪೋರ್ಟ್ ಫೋಟೊ

ಮಿಲ್ಪಿಟಾಸ್‌ನಲ್ಲಿ ನಾನು ಬಾಡಿಗೆಗಿರೋ ಮನೆಯ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಇದೆ. ಗಿಡ ಅಂದರೆ ಆಂಟಿಗೆ ಸಿಟ್ಟು ಬರುತ್ತೆ, ಮರ ಅನ್ನಬೇಕು. ಹದಿನಾಲ್ಕು ವರ್ಷದ ಹಿಂದೆ ಯಾರದೋ ಮನೆಯಿಂದ ಮೊಸರಿನ ಡಬ್ಬದಲ್ಲಿ ತಂದ ಸಸಿ, ಈಗ ಬೇಲಿಗಿಂತ ಎತ್ತರ. ಚಳಿಗಾಲ ಬಂತು ಅಂದರೆ ಅದಕ್ಕೆ ಹಳೇ ಬೆಡ್‌ಶೀಟ್ ಸುತ್ತಿ, ಒಳಗೆ ಕ್ರಿಸ್ಮಸ್ ಲೈಟಿನ ಸರ ಹಾಕಿ ಬೆಚ್ಚಗಿಡ್ತಾರೆ. ರಾತ್ರಿ ಹೊತ್ತು ಕಿಟಕಿಯಿಂದ ನೋಡಿದರೆ ಯಾರೋ ದೀಪ ನುಂಗಿ ನಿಂತ ಹಾಗೆ ಕಾಣುತ್ತೆ. ಇಂಡಿಯಾದಿಂದ ಹಸಿ ಕರಿಬೇವು ತರೋ ಹಾಗಿಲ್ಲ ಅನ್ನೋದು ನಾವೆಲ್ಲ ಸೂಟ್‌ಕೇಸ್ ಕಟ್ಟುವಾಗಲೇ ಕಲಿತ ಪಾಠ. ಹಾಗಾಗಿ ಈ ಮರದ ಮೇಲೆ ನಮ್ಮ ಬೀದಿಯ ಮೂರು ಕನ್ನಡ ಮನೆ, ಎರಡು ತೆಲುಗು ಮನೆಗಳ ಒಗ್ಗರಣೆ ನಿಂತಿದೆ.

ಹೋದ ಏಪ್ರಿಲ್‌ನಲ್ಲಿ ಒಂದು ಭಾನುವಾರ ಆಂಟಿ ಚಿಗುರು ಕೀಳೋಕೆ ಹೋದವರು ಬರಿಗೈಲಿ ವಾಪಸ್ ಬಂದರು. "ಪುಟ್ಟಿ, ಬಾ ಇಲ್ಲಿ. ಏನೋ ಹುಳ ಕೂತಿದೆ ನೋಡು. ನನ್ನ ಕಣ್ಣಿಗೆ ಕಾಣಲ್ಲ."

ನನ್ನ ಕಣ್ಣಿಗೂ ಸರಿಯಾಗಿ ಕಾಣಲಿಲ್ಲ. ಎಳೇ ಚಿಗುರಿನ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ ಕಂದು-ಕಪ್ಪು ಚುಕ್ಕೆಗಳು. ಕೆಲವಕ್ಕೆ ರೆಕ್ಕೆ ಇತ್ತು, ಇರುವೆಗಳು ಓಡಾಡ್ತಿದ್ದವು. ಫೋನ್‌ನಲ್ಲಿ ಒಂದು ಫೋಟೊ ತೆಗೆದು ಕೊಟ್ಟೆ. ಆಂಟಿ ಅದನ್ನ ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಹತ್ತು ನಿಮಿಷದಲ್ಲಿ ಉತ್ತರ ಬಂತು: ಸಿಲಿಡ್ ಇರಬಹುದು, ಹುಷಾರು.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಏಷ್ಯನ್ ಸಿಟ್ರಸ್ ಸಿಲಿಡ್ ಅನ್ನೋದು ಮೂರು-ನಾಲ್ಕು ಮಿಲಿಮೀಟರ್ ಉದ್ದದ ಹುಳ. ಕಿತ್ತಳೆ, ನಿಂಬೆ, ಕರಿಬೇವು ಎಲ್ಲ ಒಂದೇ ಕುಟುಂಬದ ಗಿಡಗಳಾದ್ದರಿಂದ ನಮ್ಮ ಕರಿಬೇವಿನ ಚಿಗುರು ಅಂದರೆ ಅದಕ್ಕೆ ಪ್ರಾಣ. ಹುಳ ತಾನಾಗಿ ಮಾಡೋ ಹಾನಿ ಸಣ್ಣದು. ಆದರೆ ಹ್ವಾಂಗ್‌ಲಾಂಗ್‌ಬಿಂಗ್ ಅನ್ನೋ ರೋಗದ ಬ್ಯಾಕ್ಟೀರಿಯಾವನ್ನ ಒಂದು ಮರದಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗೋದು ಇದೇ. ಆ ರೋಗ ಹತ್ತಿದ ಕಿತ್ತಳೆ, ನಿಂಬೆ ಮರಕ್ಕೆ ಮದ್ದಿಲ್ಲ. ಫ್ಲಾರಿಡಾದಲ್ಲಿ 2005ರಲ್ಲಿ ರೋಗ ಸಿಕ್ಕಿತು, ಅಲ್ಲಿನ ಕಿತ್ತಳೆ ತೋಟಗಳ ಕಥೆ ಏನಾಯ್ತು ಅಂತ ಜ್ಯೂಸಿನ ರೇಟು ನೋಡಿದರೆ ಗೊತ್ತಾಗುತ್ತೆ. ಕ್ಯಾಲಿಫೋರ್ನಿಯಾಗೆ ಹುಳ ಬಂದಿದ್ದು 2008ರಲ್ಲಿ, ರೋಗ ಸಿಕ್ಕಿದ್ದು 2012ರಲ್ಲಿ, ಲಾಸ್ ಏಂಜಲೀಸ್ ಕಡೆ. ನಮ್ಮ ಸಾಂಟಾ ಕ್ಲಾರಾ ಕೌಂಟಿಯಲ್ಲೂ ಹುಳ ಸಿಕ್ಕಿದ್ದುಂಟು. ಕಂಡರೆ ಕೃಷಿ ಇಲಾಖೆಗೆ ತಿಳಿಸಿ ಅಂತ ಸರ್ಕಾರ ಹೇಳುತ್ತೆ.

ಗುಂಪಿನಲ್ಲಿ ಎರಡು ಪಕ್ಷ ಆಯ್ತು. ತಿಳಿಸಿ ಅನ್ನೋರು ಕೆಲವರು. ಸುಮ್ಮನಿರಿ, ತಿಳಿಸಿದರೆ ಬಂದು ಮರ ಕಡಿದು ಹೋಗ್ತಾರೆ ಅನ್ನೋರು ಹಲವರು. ನಾನು ಓದಿ ನೋಡಿದ ಹಾಗೆ ತೆಗೆಯೋದು ರೋಗ ತಗುಲಿದ ಮರಗಳನ್ನ, ಬರೀ ಹುಳ ಸಿಕ್ಕಿದರೆ ಔಷಧಿ ಹೊಡೀತಾರೆ. ಆದರೆ ಹದಿನಾಲ್ಕು ವರ್ಷ ಬೆಡ್‌ಶೀಟ್ ಹೊದಿಸಿ ಸಾಕಿದವರಿಗೆ ಇದನ್ನೆಲ್ಲ ಹೇಳಿ ಸಮಾಧಾನ ಮಾಡೋಕೆ ಆಗಲ್ಲ. ಆಂಟಿ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಬೇಲಿಯ ಆಚೆ ಒಬ್ಬ ವಿಯೆಟ್ನಾಮಿ ಅಜ್ಜಿ ಇದ್ದಾರೆ, ಅವರದ್ದು ಒಂದು ದೊಡ್ಡ ನಿಂಬೆಮರ. ಅವರು ಬೇಲಿ ಮೇಲಿಂದ ನಿಂಬೆಹಣ್ಣು ಕೊಡ್ತಾರೆ, ಇವರು ಕೋಸಂಬರಿ ಕೊಡ್ತಾರೆ. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ. "ನಾನು ಹೇಳದೆ ಸುಮ್ಮನಿದ್ದು, ನಾಳೆ ಆ ಅಜ್ಜಿ ಮರ ಹೋದರೆ?" ಅಂದರು ಆಂಟಿ. ಸ್ವಲ್ಪ ಹೊತ್ತು ಬಿಟ್ಟು, "ನೀನು ಇಂಜಿನಿಯರ್ ಅಲ್ವೇನೇ, ಸರಿಯಾಗಿ ಒಂದು ಫೋಟೊ ತೆಗಿ. ಅದೇನಾ ಅಂತ ಮೊದಲು ಗೊತ್ತಾಗಲಿ."

ನನ್ನ ಹತ್ತಿರ ಅಣ್ಣ ಕೊಟ್ಟ ಹಳೇ ಕ್ಯಾನನ್ 200ಡಿ ಇತ್ತು, ಜೊತೆಗೆ 50 ಎಂಎಂ ಲೆನ್ಸ್. ಮ್ಯಾಕ್ರೊ ಲೆನ್ಸ್ ಕೊಳ್ಳೋಕೆ ಸ್ಟೂಡೆಂಟ್ ಜೇಬಿನಲ್ಲಿ ಎಲ್ಲಿದೆ? ಲೆನ್ಸಿಗೂ ಬಾಡಿಗೂ ಮಧ್ಯೆ ಸಿಕ್ಕಿಸೋ ಎಕ್ಸ್‌ಟೆನ್ಶನ್ ಟ್ಯೂಬ್‌ಗಳನ್ನ ಕ್ಲಾಸ್‌ಮೇಟ್ ಒಬ್ಬನಿಂದ ಇಸ್ಕೊಂಡೆ. ಒಳಗೆ ಗಾಜಿಲ್ಲದ ಬರೀ ಕೊಳವೆ ಅದು. ಲೆನ್ಸನ್ನ ಸೆನ್ಸರ್‌ನಿಂದ ದೂರ ತಳ್ಳುತ್ತೆ, ಅಷ್ಟೇ. 50 ಎಂಎಂ ಲೆನ್ಸಿಗೆ ಸುಮಾರು 50 ಎಂಎಂ ಕೊಳವೆ ಹಾಕಿದರೆ ಒಂದಕ್ಕೆ ಒಂದು, ಅಂದರೆ 2 ಮಿಲಿಮೀಟರ್ ಹುಳ ಸೆನ್ಸರ್ ಮೇಲೂ 2 ಮಿಲಿಮೀಟರ್ ಆಗಿಯೇ ಬೀಳುತ್ತೆ. 200ಡಿಯಲ್ಲಿ ಅದು ಐನೂರಕ್ಕಿಂತ ಸ್ವಲ್ಪ ಹೆಚ್ಚು ಪಿಕ್ಸೆಲ್. ಒಂದು ಹುಳದ ಗುರುತು ಹಿಡಿಯೋಕೆ ಧಾರಾಳ ಸಾಕು. (ಕೊಳ್ಳೋರಿದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಇರೋ ಟ್ಯೂಬ್ ಕೊಳ್ಳಿ. ಇಲ್ಲದಿದ್ದರೆ ಇಂಥ ಲೆನ್ಸ್‌ನಲ್ಲಿ ಅಪರ್ಚರ್ ಬದಲಾಯಿಸೋಕೆ ಆಗಲ್ಲ.)

ಮೊದಲ ದಿನ ಆಟೊ ಮೋಡ್‌ನಲ್ಲಿ ಬಿಟ್ಟೆ. ಲೆನ್ಸ್ ಜುಯ್ ಜುಯ್ ಅಂತ ಹಿಂದೆ ಮುಂದೆ ಹೋಗಿ ಕೊನೆಗೆ ಬೇಲಿಯ ಹಲಗೆ ಮೇಲೆ ಫೋಕಸ್ ಮಾಡಿತು. ಹಲಗೆಯ ಮೊಳೆ ಬಹಳ ಚೆನ್ನಾಗಿ ಬಂದಿದೆ.

ಎರಡನೇ ದಿನ ಬುದ್ಧಿ ಉಪಯೋಗಿಸಿದೆ. ಅದೇ ತಪ್ಪಾಗಿದ್ದು. ಲೈಬ್ರರಿಯಲ್ಲಿ ಗ್ರೂಪ್ ಎಫ್/64 ಬಗ್ಗೆ ಓದಿದ್ದೆ. ನಾವಿರೋ ಈ ಬೇ ಏರಿಯಾದಲ್ಲೇ 1932ರಲ್ಲಿ ಆನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನ್ನಿಂಗ್‌ಹ್ಯಾಮ್ ಮುಂತಾದವರು ಸೇರಿ ಕಟ್ಟಿದ ಗುಂಪು. ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಂನಲ್ಲಿ ಅವರ ಮೊದಲ ಪ್ರದರ್ಶನ. ಆಗಿನ ಕಾಲದ ಮಸುಕು ಮಸುಕಾದ, ಪೇಂಟಿಂಗ್ ಥರ ಕಾಣೋ ಫೋಟೊಗಳು ಅವರಿಗೆ ಬೇಡ. ಲೆನ್ಸಿನ ತೂತು ಎಷ್ಟು ಸಣ್ಣ ಮಾಡೋಕಾಗುತ್ತೋ ಅಷ್ಟು ಮಾಡಿ, ಹತ್ತಿರದಿಂದ ದೂರದವರೆಗೆ ಎಲ್ಲವೂ ಚೂಪಾಗಿ ಬರಬೇಕು ಅನ್ನೋದು ಹಠ. ಆ ಸಣ್ಣ ತೂತಿನ ನಂಬರೇ ಗುಂಪಿನ ಹೆಸರಾಯ್ತು. ವೆಸ್ಟನ್ 1930ರಲ್ಲಿ ತೆಗೆದ ಒಂದು ದೊಣ್ಣೆಮೆಣಸಿನಕಾಯಿಯ ಫೋಟೊ ಇದೆ, ಅದಕ್ಕೆ ಪೆಪರ್ ನಂಬರ್ 30 ಅಂತ ಹೆಸರು. ಹುಡುಕಿ ನೋಡಿ. ಮತ್ತೆ ಅದನ್ನ ಹೆಚ್ಚಿ ಪಲ್ಯ ಮಾಡೋಕೆ ಕೈ ಬರಲ್ಲ.

ಸರಿ, ಅವರು 64 ಇಟ್ಟರೆ ನಾನು ನನ್ನ ಲೆನ್ಸಲ್ಲಿ ಸಿಗೋ ಕೊನೇ ನಂಬರ್ 22 ಇಡೋಣ ಅಂತ ಇಟ್ಟೆ. ಹುಳ ತಲೆಯಿಂದ ಬಾಲದವರೆಗೆ ಒಂದೇ ಸಮ ಬಂತು. ಒಂದೇ ಸಮ ಮಂಕಾಗಿ. ಕ್ಯಾಮೆರಾಗೆ ಕಣ್ಣಿನ ಪೊರೆ ಬಂದಂತೆ.

ಆಗ ಪಿಕ್ಚರ್ ಸ್ಟೈಲ್ ಮೆನುಗೆ ಹೋಗಿ ಶಾರ್ಪ್‌ನೆಸ್ ಅನ್ನೋದನ್ನ ಕೊನೆಯವರೆಗೆ ಎಳೆದೆ. ಶಾರ್ಪ್ ಬೇಕು, ಶಾರ್ಪ್‌ನೆಸ್ ಅಂತ ಬರೆದಿದೆ, ಇನ್ನೇನು ಯೋಚನೆ? ಈಗ ಫೋಟೊ ಎದ್ದು ಬಂತು. ಹುಳದ ಅಂಚುಗಳು ಗೆರೆ ಎಳೆದ ಹಾಗೆ. ಹಿಂಭಾಗದಲ್ಲಿ, ಕಾಲುಗಳ ಪಕ್ಕ ಬೆಳ್ಳಗೆ ಎಳೆ ಎಳೆ. ಖುಷಿಯಿಂದ ಆಂಟಿಗೆ ಕಳಿಸಿದೆ, ಆಂಟಿ ಗುಂಪಿಗೆ ಕಳಿಸಿದರು.

ಬಂದ ಉತ್ತರ: ನೋಡಿ, ಬಿಳೀ ಮೇಣದ ಎಳೆ ಕಾಣ್ತಿದೆ, ಇದು ಸಿಲಿಡ್ ಮರಿಯೇ. ಸಂಶಯ ಬೇಡ.

ಸಿಲಿಡ್ ಮರಿಗಳು ಹಿಂಭಾಗದಿಂದ ಬಿಳಿಯ, ಸುರುಳಿ ಸುರುಳಿ ಮೇಣದ ನಾಳ ಬಿಡೋದು ನಿಜ. ಗುರುತು ಹಿಡಿಯೋಕೆ ಎಲ್ಲ ಕಡೆ ಕೊಡೋ ಲಕ್ಷಣ ಅದು. ಆಂಟಿ ಆ ಮೆಸೇಜನ್ನ ನನಗೆ ತೋರಿಸಿ ಏನೂ ಮಾತಾಡದೆ ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಗರಾಜ್‌ನಲ್ಲಿ ಏನೋ ಹುಡುಕೋ ಸದ್ದು. ಗರಗಸ ಇರಬೇಕು ಅಂದ್ಕೊಂಡು ಎದೆ ಧಸಕ್ಕಂತು. ಗರಗಸ ಅಲ್ಲ, ಬೇಲಿ ಪಕ್ಕ ಹಾಕೋಕೆ ಇಟ್ಟಿದ್ದ ಸ್ಟೂಲು. ಅದನ್ನ ಮರದ ಕೆಳಗೆ ಹಾಕ್ಕೊಂಡು ಕೂತಿದ್ದರು.

ಆ ರಾತ್ರಿ ಅಜ್ಜನಿಗೆ ಫೋನ್ ಮಾಡಿದೆ. ನಮ್ಮೂರು ಸೋಮವಾರಪೇಟೆ ಹತ್ತಿರ. ಅಜ್ಜನ ಕಾಫಿ ತೋಟದ ತುಂಬ ಒಂದು ಕಾಲಕ್ಕೆ ಕಿತ್ತಳೆ ಇತ್ತು. ಸಿಪ್ಪೆ ಸಡಿಲ, ಹಸಿರು-ಹಳದಿ ಬಣ್ಣ, ಆ ಕೊಡಗಿನ ಕಿತ್ತಳೆ. ನಾನು ಕಂಡಿದ್ದು ಕಡಿದ ಬುಡಗಳನ್ನ ಮಾತ್ರ. ಆಟ ಆಡುವಾಗ ಅವುಗಳ ಮೇಲೆ ಕೂರ್ತಿದ್ದೆವು. ಎಲೆ ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ಹಸಿರು. ಹಣ್ಣು ಅರ್ಧ ಮಾಗಿ ನಿಲ್ಲೋದು, ಕಚ್ಚಿದರೆ ಕಹಿ. ಅಜ್ಜ ಮೊದಲು ಗೊಬ್ಬರ ಸಾಲದು ಅಂದ್ಕೊಂಡರಂತೆ. ಆಮೇಲೆ ಜಿಂಕ್ ಕೊರತೆ ಅಂತ ಜಿಂಕ್ ಸಿಂಪಡಿಸಿದರಂತೆ. ಕಾಣೋಕೆ ಎರಡೂ ಒಂದೇ ಥರ ಇರುತ್ತೆ, ಅವರ ತಪ್ಪೇನಿಲ್ಲ. ಗ್ರೀನಿಂಗ್ ಅನ್ನೋ ಹೆಸರು ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದ ಕಡೆಯಿಂದ ಅವರ ಕಿವಿಗೆ ಬೀಳೋ ಹೊತ್ತಿಗೆ ಮುಕ್ಕಾಲು ತೋಟ ಹೋಗಿತ್ತು. ಗ್ರೀನಿಂಗ್ ಅಂದರೂ ಹ್ವಾಂಗ್‌ಲಾಂಗ್‌ಬಿಂಗ್ ಅಂದರೂ ಒಂದೇ. ಇಲ್ಲಿ ಮಿಲ್ಪಿಟಾಸ್‌ನಲ್ಲಿ ಕೂತು ಓದುವಾಗಲೇ ನನಗೆ ಅದು ಗೊತ್ತಾಗಿದ್ದು.

"ಆ ಹುಳ ಹೇಗಿತ್ತು ಅಜ್ಜ?" ಅಂತ ಕೇಳಿದೆ.

"ನಾನೆಲ್ಲಿ ನೋಡ್ದೆ ಮಗಾ. ಮರ ಸಾಯೋದು ನೋಡ್ದೆ. ಹುಳ ನೋಡ್ಲಿಲ್ಲ."

ಮಾರನೇ ದಿನ ಇಮೇಜ್ ಪ್ರಾಸೆಸಿಂಗ್ ಕ್ಲಾಸ್. ನನ್ನ ಪುಣ್ಯಕ್ಕೆ ಆ ವಾರದ ಪಾಠ ಅನ್‌ಶಾರ್ಪ್ ಮಾಸ್ಕ್. ಪ್ರೊಫೆಸರ್ ಬೋರ್ಡ್ ಮೇಲೆ ಒಂದು ಮೆಟ್ಟಿಲಿನ ಥರ ಅಂಚು ಬರೆದರು, ಈ ಕಡೆ ಕಪ್ಪು, ಆ ಕಡೆ ಬಿಳುಪು. ಶಾರ್ಪನ್ ಮಾಡಿದ ಮೇಲೆ ಅಂಚಿನ ಕಪ್ಪು ಕಡೆ ಇನ್ನೂ ಕಪ್ಪಾಗುತ್ತೆ, ಬಿಳೀ ಕಡೆ ಇನ್ನೂ ಬಿಳಿ. ಕಣ್ಣಿಗೆ ಚೂಪು ಅನಿಸುತ್ತೆ, ಆದರೆ ಅಲ್ಲಿ ಇಲ್ಲದ ಒಂದು ಬಿಳೀ ಗೆರೆ ಹುಟ್ಟಿಕೊಳ್ಳುತ್ತೆ. ನಾನು ನೋಟ್ಸ್ ಬರೆಯೋದು ನಿಲ್ಲಿಸಿದೆ. ಆ ಬಿಳೀ ಮೇಣದ ಎಳೆ! ಮಂಕಾದ ಕಪ್ಪು ಕಾಲಿನ ಪಕ್ಕ ಕ್ಯಾಮೆರಾ ತಾನೇ ಎಳೆದ ಗೆರೆ ಅದು. ಗುಂಪಿನಲ್ಲಿ ಹುಳವನ್ನ ಗುರುತಿಸಿದವರು ನನ್ನ ಮೆನುವಿನ ಸ್ಲೈಡರನ್ನ ಗುರುತಿಸಿದ್ದರು.

ಮನೆಗೆ ಬಂದು ಪೇಪರ್ ಪೆನ್ ಹಿಡಿದು ಕೂತೆ. ಬಿಇ ಮುಗಿಸಿದ ಮೇಲೆ ಇಷ್ಟು ಪ್ರೀತಿಯಿಂದ ಲೆಕ್ಕ ಮಾಡಿದ್ದು ಇದೇ ಮೊದಲು. ಒಂದಕ್ಕೆ ಒಂದು ಗಾತ್ರಕ್ಕೆ ಹೋದಾಗ ಕೊಳವೆಯ ಉದ್ದದಿಂದಾಗಿ ಎಫ್ ನಂಬರ್ ನಿಜದಲ್ಲಿ ಎರಡರಷ್ಟಾಗುತ್ತೆ. ನಾನು 22 ಇಟ್ಟೆ ಅಂದ್ಕೊಂಡಿದ್ದು ವಾಸ್ತವದಲ್ಲಿ 44. ಅಷ್ಟು ಸಣ್ಣ ತೂತಿನಲ್ಲಿ ನುಗ್ಗೋ ಬೆಳಕು ಹರಡಿಕೊಳ್ಳುತ್ತೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ ಡಿಫ್ರ್ಯಾಕ್ಷನ್, ಅದೇ. ಒಂದು ಚುಕ್ಕೆ ಸೆನ್ಸರ್ ಮೇಲೆ ಸುಮಾರು 59 ಮೈಕ್ರಾನ್ ಅಗಲದ ಬಿಲ್ಲೆ ಆಗುತ್ತೆ. ನನ್ನ ಒಂದು ಪಿಕ್ಸೆಲ್ 3.7 ಮೈಕ್ರಾನ್. ವೆಸ್ಟನ್, ಆ್ಯಡಮ್ಸ್ ಅವರಿಗೆ ಇದು ಯಾಕೆ ತೊಂದರೆ ಆಗಲಿಲ್ಲ ಅಂದರೆ ಅವರ ನೆಗೆಟಿವ್ ಎಂಟು ಇಂಚು ಹತ್ತು ಇಂಚಿನಷ್ಟು ದೊಡ್ಡದು. ಅದರಲ್ಲಿ ಆ ಬಿಲ್ಲೆ ಲೆಕ್ಕಕ್ಕೇ ಇಲ್ಲ. ನನ್ನ ಸೆನ್ಸರ್ ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡದು. ದೊಡ್ಡವರ ನಂಬರನ್ನ ಚಿಕ್ಕ ಕ್ಯಾಮೆರಾಗೆ ಹಾಕಿದ್ದೆ.

ಹಾಗಂತ ತೂತು ದೊಡ್ಡದು ಮಾಡಿದರೆ ಇನ್ನೊಂದು ಪಜೀತಿ. ಎಫ್/2.8ರಲ್ಲಿ ಫೋಕಸ್‌ನಲ್ಲಿ ಇರೋ ಪದರದ ದಪ್ಪ ಬರೀ 0.2 ಮಿಲಿಮೀಟರ್. ಹುಳದ ಮೀಸೆ ಬಂದರೆ ಬೆನ್ನಿಲ್ಲ. ಎಫ್/8ರಲ್ಲಿ 0.6 ಮಿಲಿಮೀಟರ್ ಸಿಗುತ್ತೆ, ಡಿಫ್ರ್ಯಾಕ್ಷನ್ ಬಿಲ್ಲೆಯೂ ಸಹಿಸೋ ಮಟ್ಟದಲ್ಲಿರುತ್ತೆ. ಎಫ್/8 ಅಂತ ತೀರ್ಮಾನ ಆಯ್ತು. ಉಳಿದಿದ್ದನ್ನ ನಾನು ಅಡ್ಜಸ್ಟ್ ಆಗಬೇಕು: 0.6 ಮಿಲಿಮೀಟರ್ ಒಳಗೆ ಇಡೀ ಹುಳ ಬರಬೇಕಾದರೆ ಕ್ಯಾಮೆರಾ ಅದರ ಪಕ್ಕಕ್ಕೆ ಸರಿಯಾಗಿ ಸಮಾನಾಂತರವಾಗಿ ಇರಬೇಕು. ಪಾಸ್‌ಪೋರ್ಟ್ ಫೋಟೊಗೆ ನೇರ ಕೂರಿಸ್ತಾರಲ್ಲ ಹಾಗೆ.

ಶಟರ್ ಸ್ಪೀಡಿನ ಲೆಕ್ಕ ಇನ್ನೂ ಸರಳ. ಚಿಗುರು ಸೆಕೆಂಡಿಗೆ ಒಂದೇ ಒಂದು ಮಿಲಿಮೀಟರ್ ಅಲ್ಲಾಡಿದರೂ 1/60ರಲ್ಲಿ ಚಿತ್ರ ನಾಲ್ಕು ಪಿಕ್ಸೆಲ್‌ಗಿಂತ ಹೆಚ್ಚು ಜಾರುತ್ತೆ. 1/250ರಲ್ಲಿ ಸುಮಾರು ಒಂದು. ಮಿಲ್ಪಿಟಾಸ್‌ನಲ್ಲಿ ಮಧ್ಯಾಹ್ನ ಆದರೆ ಕೊಲ್ಲಿ ಕಡೆಯಿಂದ ಗಾಳಿ ಶುರು, ಜೊತೆಗೆ ಆ ಪ್ರಸಿದ್ಧ ವಾಸನೆಯೂ. ಹಾಗಾಗಿ ಬೆಳಿಗ್ಗೆಯೇ ಸರಿ. ಐಎಸ್ಒ 800 ಇಟ್ಟೆ. ಸ್ವಲ್ಪ ಕಾಳು ಕಾಳು ಬಂದರೂ ಪರವಾಗಿಲ್ಲ. ಆ ಕಾಳನ್ನ ಅಳಿಸೋ ನಾಯ್ಸ್ ರಿಡಕ್ಷನ್ನನ್ನ ಮಾತ್ರ ಆಫ್ ಮಾಡಿದೆ, ಕಾಳಿನ ಜೊತೆ ಹುಳದ ಕೂದಲನ್ನೂ ಒರೆಸಿಬಿಡುತ್ತೆ ಅಂತ. ಶಾರ್ಪ್‌ನೆಸ್ ಕೆಳಗಿಳಿಸಿದೆ, ಜೆಪೆಗ್ ಜೊತೆ ರಾ ಫೈಲೂ ಆನ್ ಮಾಡಿದೆ. ರಾ ಮೇಲೆ ಮೆನುವಿನ ಯಾವ ಸ್ಲೈಡರ್ ಆಟವೂ ನಡೆಯಲ್ಲ.

ಬುಧವಾರ ಬೆಳಿಗ್ಗೆ ಏಳು ಗಂಟೆ. ಟ್ರೈಪಾಡ್ ಇರಲಿಲ್ಲ. ಸ್ಟೂಲಿನ ಮೇಲೆ ಎರಡು ಪುಸ್ತಕ, ಅದರ ಮೇಲೆ ನಾಲ್ಕು ಪೌಂಡಿನ ತೊಗರಿಬೇಳೆ ಪ್ಯಾಕೆಟ್, ಅದರ ಮೇಲೆ ಕ್ಯಾಮೆರಾ. ಬೇಳೆ ಕ್ಯಾಮೆರಾದ ಆಕಾರಕ್ಕೆ ಒಗ್ಗಿ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ನಿಜವಾಗಿ ಹೇಳ್ತೀನಿ ಟ್ರೈಪಾಡಿಗಿಂತ ವಾಸಿ. ಚಿಗುರಿನ ಕಡ್ಡಿಯನ್ನ ಒಂದು ಬಟ್ಟೆ ಕ್ಲಿಪ್‌ನಿಂದ ಊರುಗೋಲಿಗೆ ಸಿಕ್ಕಿಸಿದೆ. ಆಂಟಿ ನೈಟಿ ಮೇಲೆ ಸ್ವೆಟರ್ ಹಾಕ್ಕೊಂಡು ಬಂದು ಸ್ಟೀಲ್ ತಟ್ಟೆ ಹಿಡಿದು ನಿಂತರು. ಬಿಸಿಲನ್ನ ತಟ್ಟೆಯಿಂದ ಹುಳದ ನೆರಳಿನ ಕಡೆಗೆ ತಿರುಗಿಸೋದು ಅವರ ಕೆಲಸ. "ಸ್ವಲ್ಪ ಎಡಕ್ಕೆ ಆಂಟಿ." "ಇನ್ನೆಷ್ಟೇ ಎಡಕ್ಕೆ, ಗುಲಾಬಿ ಮುಳ್ಳು ಚುಚ್ತಾ ಇದೆ." ಬೇಲಿ ಮೇಲಿಂದ ವಿಯೆಟ್ನಾಮಿ ಅಜ್ಜಿ ನೋಡ್ತಿದ್ದರು. ಆಂಟಿ ತಟ್ಟೆ ಹಿಡಿದುಕೊಂಡೇ ತಲೆ ಆಡಿಸಿ ನಕ್ಕರು, ಏನಂತ ಅರ್ಥ ಆಯ್ತೋ, ಅವರೂ ನಕ್ಕರು.

ಆಟೊಫೋಕಸ್ ಆಫ್. ಲೈವ್ ವ್ಯೂನಲ್ಲಿ ಭೂತಗನ್ನಡಿ ಗುರುತಿನ ಬಟನ್ ಒತ್ತಿದರೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತೆ. ಇಷ್ಟು ಹತ್ತಿರದಲ್ಲಿ ಲೆನ್ಸಿನ ರಿಂಗ್ ತಿರುಗಿಸೋದು ವ್ಯರ್ಥ ಪ್ರಯತ್ನ. ಕ್ಯಾಮೆರಾವನ್ನೇ ಬೇಳೆ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಬೆನ್ನಿನ ಗೆರೆ ಕಂಡ ಕೂಡಲೇ ಕೈ ಬಿಟ್ಟು, ಎರಡು ಸೆಕೆಂಡ್ ಟೈಮರ್. ಬಟನ್ ಒತ್ತಿದ ಅಲುಗಾಟ ಅಷ್ಟರಲ್ಲಿ ನಿಲ್ಲುತ್ತೆ. ಮೂವತ್ತೆಂಟು ಫೋಟೊ ತೆಗೆದೆ. ಮೂವತ್ತೈದು ಕಸ.

ಉಳಿದ ಮೂರರಲ್ಲಿ ಎಲ್ಲಾ ಇತ್ತು. ಪೇರಳೆ ಹಣ್ಣಿನ ಥರದ ಉಬ್ಬಿದ ಮೈ. ಸಿಲಿಡ್ ತಲೆ ತಗ್ಗಿಸಿ ಹಿಂಭಾಗ ಎತ್ತಿ 45 ಡಿಗ್ರಿಯಲ್ಲಿ ಓರೆಯಾಗಿ ಕೂರುತ್ತೆ. ಇವು ಎಲೆಗೆ ಅಂಟಿಕೊಂಡು ಮಟ್ಟವಾಗಿ ಕೂತಿದ್ದವು. ಮೇಣದ ಎಳೆ ಇಲ್ಲ, ಅಲ್ಲಲ್ಲಿ ಪೊರೆ ಕಳಚಿದ ಬಿಳೀ ಸಿಪ್ಪೆ ಬಿದ್ದಿತ್ತು. ಮತ್ತೆ, ಹೊಟ್ಟೆಯ ಹಿಂಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಸಣ್ಣ ಕಪ್ಪು ಕೊಳವೆಗಳು. ಇದು ಸಸ್ಯಹೇನಿನ ಗುರುತು, ಸಿಲಿಡ್‌ಗೆ ಇರೋದಿಲ್ಲ. ಕೊಳವೆಯ ದಪ್ಪ ಫೋಟೊದಲ್ಲೇ ಅಳೆದೆ, ಹದಿಮೂರು ಪಿಕ್ಸೆಲ್, ಅಂದರೆ ಸುಮಾರು 0.05 ಮಿಲಿಮೀಟರ್. ಎರಡನೇ ದಿನದ ಮಂಕು ಬಿಲ್ಲೆ 59 ಮೈಕ್ರಾನ್ ಅಂದೆನಲ್ಲ, ಅದು 0.059 ಮಿಲಿಮೀಟರ್. ಗುರುತಿಗಿಂತ ಮಂಕೇ ದಪ್ಪ ಇತ್ತು. ಶಾರ್ಪ್‌ನೆಸ್ ಸ್ಲೈಡರನ್ನ ಗೋಡೆ ದಾಟಿ ಎಳೆದಿದ್ದರೂ ಆ ಕೊಳವೆ ಬರ್ತಿರಲಿಲ್ಲ.

ಆದರೂ ನನ್ನ ಮಾತನ್ನೇ ನಾನು ನಂಬೋ ಹಾಗಿರಲಿಲ್ಲ, ಎರಡು ದಿನದ ಹಿಂದಿನ ಕಥೆ ಗೊತ್ತಲ್ಲ. ಕೌಂಟಿಯ ಮಾಸ್ಟರ್ ಗಾರ್ಡನರ್ಸ್ ಹೆಲ್ಪ್ ಡೆಸ್ಕ್‌ಗೆ ಮೂರೂ ಫೋಟೊ ಇ-ಮೇಲ್ ಮಾಡಿದೆ, ಮರೆಮಾಚದೆ ವಿಳಾಸದ ಸಮೇತ. ಹಾಗೇ ಮಾಡು ಅಂದಿದ್ದು ಆಂಟಿಯೇ. ಉತ್ತರ ಬರೋವರೆಗೆ ಅವರು ಒಗ್ಗರಣೆಗೆ ಕರಿಬೇವು ಹಾಕಲಿಲ್ಲ. ಎರಡು ದಿನ ಬಿಟ್ಟು ಬಂತು: ಸಸ್ಯಹೇನು. ಪೈಪ್‌ನಲ್ಲಿ ಜೋರಾಗಿ ನೀರು ಬಿಟ್ಟು ತೊಳೆಯಿರಿ, ಗುಲಗಂಜಿ ಹುಳ ಬಂದರೆ ಓಡಿಸಬೇಡಿ, ಪ್ರತಿ ಚಿಗುರು ಬಂದಾಗಲೂ ಹೀಗೇ ನೋಡ್ತಾ ಇರಿ. ಗುಂಪಿಗೆ ಈ ಸಲ ಫೋಟೊವನ್ನ ಡಾಕ್ಯುಮೆಂಟ್ ಆಗಿ ಕಳಿಸಿದೆ. ಮಾಮೂಲಿ ಫೋಟೊ ಥರ ಕಳಿಸಿದರೆ ವಾಟ್ಸಾಪ್ ಅದನ್ನ ಕುಗ್ಗಿಸಿ ನನ್ನ ಮೂರು ದಿನದ ಕೆಲಸವನ್ನ ಒಂದು ಕ್ಷಣದಲ್ಲಿ ಹಾಳು ಮಾಡುತ್ತೆ. ಸಂಶಯ ಬೇಡ ಅಂದಿದ್ದ ಅಂಕಲ್ ಒಂದು ಹೆಬ್ಬೆಟ್ಟು ಒತ್ತಿದರು. ಆಂಟಿ ಆ ದಿನ ಕರಿಬೇವಿನ ಚಟ್ನಿಪುಡಿ ಮಾಡಿದರು. ಸ್ವಲ್ಪ ಬೇಲಿ ಆಚೆಗೂ ಹೋಯ್ತು.

ಮಿಲ್ಪಿಟಾಸ್ ಅಂದರೆ ಸ್ಪ್ಯಾನಿಷ್‌ನಲ್ಲಿ ಸಣ್ಣ ಮುಸುಕಿನ ಜೋಳದ ಹೊಲಗಳು ಅಂತ ಅರ್ಥವಂತೆ. ಈಗ ಹೊಲ ಎಲ್ಲಿದೆ, ಹಿತ್ತಲುಗಳಿವೆ. ನಿಮ್ಮ ಬಾಡಿಗೆ ಮನೆಯ ಹಿತ್ತಲಲ್ಲೂ ಕರಿಬೇವೋ ನಿಂಬೆಯೋ ಇದ್ದರೆ ಏಪ್ರಿಲ್‌ನಲ್ಲಿ ಒಮ್ಮೆ ಚಿಗುರು ತಿರುಗಿಸಿ ನೋಡಿ. ಟ್ಯೂಬ್ ಬೇಕಾದರೆ ನನ್ನ ಹತ್ತಿರ ಇದೆ. ಕ್ಲಾಸ್‌ಮೇಟ್ ಇನ್ನೂ ವಾಪಸ್ ಕೇಳಿಲ್ಲ.

ಅಜ್ಜನಿಗೂ ಫೋಟೊ ಕಳಿಸಿದ್ದೆ. ಚಿಕ್ಕಪ್ಪನ ಮಗನ ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ಹಾಕಿಸಿ, ಅದರ ಮೇಲೂ ತಮ್ಮ ಪೇಪರ್ ಓದೋ ಭೂತಗನ್ನಡಿ ಹಿಡಿದು ನೋಡಿದರಂತೆ. ಆಮೇಲೆ ಫೋನ್ ಮಾಡಿದರು.

"ಇದಲ್ಲ ಅಂತ ಗೊತ್ತಾಯ್ತಲ್ಲ, ಒಳ್ಳೇದಾಯ್ತು. ಕೆರೆ ಏರಿ ಹತ್ರ ನಮ್ದೂ ಒಂದು ಕಿತ್ತಳೆ ಗಿಡ ಉಳ್ದದೆ, ನೀ ನೋಡಿದ್ದೀಯಲ್ಲ. ಎಲೆ ಚೂರು ಹಳ್ದಿ ತಿರುಗ್ತಾ ಅದೆ. ಡಿಸೆಂಬರ್‌ಗೆ ಬರುವಾಗ ಅದೇನೋ ಕೊಳವೆ ಅಂದ್ಯಲ್ಲ, ತಗೊಂಡ್ ಬಾ."

"ಹುಳ ಚಿಗುರಲ್ಲೇ ಅಜ್ಜ ಇರೋದು. ಡಿಸೆಂಬರ್‌ನಲ್ಲಿ ಚಿಗುರು ಇರುತ್ತಾ?"

ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಮಳೆ ಬಿದ್ಮೇಲೆ ಬರೋದು. ಹಂಗಾದ್ರೆ ಅಲ್ಲಿವರ್ಗೂ ಕಾಯಣ. ನೀ ತಗೊಂಡ್ ಬಾ, ಇವನಿಗೆ ಕಲ್ಸಿಟ್ಟು ಹೋಗು." ಫೋನ್ ಇಡೋ ಮುಂಚೆ ಮತ್ತೆ, "ತೊಗರಿಬೇಳೆ ಹೊತ್ಕೊಂಡ್ ಬರ್ಬೇಡ. ಇಲ್ಲೇ ಸಿಗ್ತದೆ."